ತೆರೆಯ ಮೇಲಿನ ರಾಯ, ಕಾಲುವೆ ದಂಡೆಯ ರಾಯ



ಬಿ.ಆರ್. ಪಂತುಲು ಅವರ 'ಶ್ರೀ ಕೃಷ್ಣದೇವರಾಯ' ತೆರೆ ಕಂಡದ್ದು 1970ರಲ್ಲಿ. ನಾನು ನೋಡಿದ್ದು ಕೆಲವು ವರ್ಷ ತಡವಾಗಿ, ಸಿರುಗುಪ್ಪದ ಟೆಂಟಿನಲ್ಲಿ, ಅಪ್ಪನ ಪಕ್ಕ ನೆಲದ ಮೇಲೆ ಕೂತು. ಮೂರು ಗಂಟೆ ದಾಟುವ ಚಿತ್ರ. ಒಂದೊಂದು ರೀಲು ಮುಗಿದಾಗಲೂ ದೀಪ ಹತ್ತುತ್ತಿತ್ತು, ಮಂಡಕ್ಕಿ ಮಿರ್ಚಿಯವನು ಸಾಲಿನೊಳಗೆ ನುಗ್ಗುತ್ತಿದ್ದ. ಅಪ್ಪ ಮಾತ್ರ ಕದಲಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕೇಳಿದರು: "ಎಲ್ಲಾ ತೋರಿಸ್ಯಾರ. ನಮ್ಮ ಕಾಲುವಿ ಎಲ್ಲೈತಿ?"

ಇವತ್ತು ನಾನು ಆಡುವ ಮಾತೆಲ್ಲ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಪಂತುಲು ಎಂಥ ಹುರುಪಿನ ಮನುಷ್ಯ! 1936ರ 'ಸಂಸಾರ ನೌಕೆ'ಯಲ್ಲಿ ನಟರಾಗಿ ಬಂದವರು, 1959ರಲ್ಲಿ ತಮಿಳರಿಗೆ ಕಟ್ಟಬೊಮ್ಮನ್ ಚಿತ್ರ ಕೊಟ್ಟರು, 1961ರಲ್ಲಿ ನಮಗೆ ಕಿತ್ತೂರು ಚೆನ್ನಮ್ಮನನ್ನು ಕೊಟ್ಟರು. ರಾಯನ ಚಿತ್ರದಲ್ಲಿ ನಿರ್ದೇಶನದ ಜೊತೆಗೆ ಮಂತ್ರಿ ತಿಮ್ಮರುಸುವಿನ ಪಾತ್ರವನ್ನೂ ತಾವೇ ಹೊತ್ತರು. ರಾಯನ ಪಾತ್ರದ ರಾಜಕುಮಾರ್ ಆ ಮಂತ್ರಿಯನ್ನು 'ಅಪ್ಪಾಜಿ' ಎಂದು ಕರೆಯುವಾಗ ರಾಜನ ದನಿಯೊಳಗಿಂದ ಮಗನ ದನಿ ಏಳುತ್ತದೆ. ನನಗೆ ಇಡೀ ಚಿತ್ರ ಅಷ್ಟರಲ್ಲೇ ಇದೆ. ತಿಮ್ಮರುಸುವಿನ ಪಾತ್ರಕ್ಕೆ ತಮಗೆ ರಾಜ್ಯದ ಶ್ರೇಷ್ಠ ನಟ ಪ್ರಶಸ್ತಿ ಬಂದಾಗ ಪಂತುಲು, ಇದು ರಾಜಕುಮಾರರಿಗೆ ಸಲ್ಲಬೇಕಾದದ್ದು ಎನ್ನುತ್ತ ಅದನ್ನು ಸ್ವೀಕರಿಸಲಿಲ್ಲ.

ಚಿತ್ರದ ಎತ್ತರದ ದನಿಯ ಸಂಭಾಷಣೆ ಬಳ್ಳಾರಿಯವರಾದ ನಮಗೆ ಭಾರವಲ್ಲ. ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ರಾಮರಾಯನ ಕಥೆಯನ್ನು ತೆಲುಗು ನಾಟಕವಾಗಿಸಿದ್ದು ಇದೇ ಊರಿನಲ್ಲಿ. ಅದರಲ್ಲಿ ಪಠಾಣನಾಗಿ ನಿಂತವರು ನಮ್ಮ ನಟ ಬಳ್ಳಾರಿ ರಾಘವರು. ವಿಜಯನಗರ ನಮಗೆ ಪಠ್ಯಪುಸ್ತಕಕ್ಕಿಂತ ಮೊದಲು ರಂಗದಿಂದ ಬಂತು.

ಆದರೂ ಚಿತ್ರ ನೋಡಿದಷ್ಟು ಸಲವೂ ನನಗೆ ಆಯಾಸವಾಗುತ್ತದೆ. ಉದ್ದದ ದೆಸೆಯಿಂದಲ್ಲ. ಪ್ರತಿ ದೃಶ್ಯವೂ ಶಿಖರದ ಮೇಲೆಯೇ ನಿಂತಿರುತ್ತದೆ, ತಪ್ಪಲಿಗೆ ಇಳಿಯುವುದೇ ಇಲ್ಲ. 1509ರಿಂದ 1529ರವರೆಗೆ ಆಳಿದ ಅರಸ ಒಂದು ದಿನವಾದರೂ ಸುಮ್ಮನೆ ಕೂತು ನೀರಿನ ಲೆಕ್ಕ ಕೇಳಿರಲಾರನೇ?

ಕೇಳಿದ್ದ. 1521ರಲ್ಲಿ ಕೊರ್ರಗಲ್ ಅಣೆಕಟ್ಟು, ಬಸವಣ್ಣ ಕಾಲುವೆ ಆದದ್ದು ಅವನ ಕಾಲದಲ್ಲಿ. ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯನ್ನು ಕಣ್ಣಾರೆ ಕಂಡು ಬರೆದ. ಹದಿನೈದೋ ಇಪ್ಪತ್ತೋ ಸಾವಿರ ಆಳುಗಳು, ಇರುವೆಗಳಂತೆ. ಏರಿ ಮತ್ತೆ ಮತ್ತೆ ಒಡೆದಾಗ ನರಬಲಿ ಕೊಡಿಸಲಾಯಿತೆಂದೂ ಬರೆದಿಟ್ಟ. ಇದು ತೆರೆಯ ಮೇಲೆ ಬಂದಿದ್ದರೆ ರಾಯ ಸಣ್ಣವನಾಗುತ್ತಿರಲಿಲ್ಲ. ನಮಗೆ ಇನ್ನೂ ಹತ್ತಿರದವನಾಗುತ್ತಿದ್ದ, ಭಯವೂ ಹುಟ್ಟುತ್ತಿತ್ತು. ದಂಡು ದಾಳಿ ತೋರಿಸಲು ಅಷ್ಟು ಕಸುವಿದ್ದ ನಿರ್ದೇಶಕನಿಗೆ ಆ ಮಣ್ಣುಬುಟ್ಟಿಗಳು ಯಾಕೆ ಕಾಣಲಿಲ್ಲ ಎಂಬುದೇ ನನ್ನ ಸಂಕಟ.

ಕುರುಗೋಡಿನಲ್ಲಿರುವ ನಮ್ಮ ಅಕ್ಕ ನನ್ನ ಈ ಆಕ್ಷೇಪವನ್ನು ಒಪ್ಪುವುದಿಲ್ಲ. "ದೊಡ್ಡಬಸಪ್ಪನ ಮುಂದ ಕೈ ಮುಗಿಯೋವಾಗ ಕಲ್ಲು ಕಡಿದವರು ಯಾರು ಅಂತ ಕೇಳ್ತಿಯೇನು? ಕಣ್ಣು ತುಂಬ್ತೈತಿ, ಸಾಕು" ಅನ್ನುತ್ತಾಳೆ. ಏಕಶಿಲೆಯ ಆ ಬಸವಣ್ಣನ ಎದುರು ನಿಂತಾಗ ನನಗೂ ಮಾತು ಹೊರಡುವುದಿಲ್ಲ. ಆದರೆ ಅಕ್ಕನ ಮಾತು ಕೇಳಿದಂದಿನಿಂದ ಆ ಕಲ್ಲು ಕಡಿದವರನ್ನೂ ನೆನೆಯುತ್ತೇನೆ.

ಅಪ್ಪ ಕೇಳಿದ ಸಿರುಗುಪ್ಪದ ಕಾಲುವೆಯೂ ವಿಜಯನಗರದ ಕಾಲದ್ದೇ. ನಮ್ಮ ನೀರಿನ ಪಾಳಿ ರಾತ್ರಿ ಬಂದರೆ ಅಪ್ಪ ಲಾಟೀನು, ಸಲಿಕೆ ಹಿಡಿದು ಹೋಗುತ್ತಿದ್ದರು. ಬದುವಿನ ಬಾಯಿ ಕಡಿದು, ನೀರು ಭತ್ತದ ಮಡಿಗೆ ತಿರುಗುವ ಸದ್ದು ಕೇಳಿದ ಮೇಲೆಯೇ ಬೀಡಿ ಹಚ್ಚುತ್ತಿದ್ದರು. ಚಿತ್ರ ನೋಡಿ ಬಂದ ಆ ರಾತ್ರಿಯೂ ಪಾಳಿ ಇತ್ತು. ನಾನೂ ಜೊತೆಗೆ ಹೋಗಿದ್ದೆ. ಲಾಟೀನಿನ ಬೆಳಕಿನಲ್ಲಿ ಅಪ್ಪ ಕಾಲುವೆಯನ್ನು ತೋರಿಸಿ, "ಇಗಾ, ಇಲ್ಲೈತಿ ನೋಡು" ಅಂದರು.