ಹಳೇ ಕಾರು, ಹೊಸ ವೈರು
(ಕಲಿಕಾ ಕೇಂದ್ರದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಕಾರಿನ ವಿಚಾರ ಮಾತಾಡ್ತೀವಿ ಅಂದಾಗ ಕೆಲವರು ನಕ್ಕಿರಿ. "ಕಾರು ಗಂಡಸರ ಬಾಬತ್ತು. ನಮಗ್ಯಾಕೆ ಟೀಚರೇ?" ಅಂತ ಕೇಳಿದಿರಿ. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು. ಒಂದು ರಾತ್ರಿ ಆ ಮಾತು ಸುಳ್ಳಾಯಿತು. ಅದನ್ನೇ ಹೇಳ್ತೀವಿ, ಕೇಳಿ.

ನಮ್ಮ ಮನೆಯ ಕಾರು

ನಮ್ಮ ಮನೆಯಲ್ಲಿ ಒಂದು ಮಾರುತಿ 800 ಕಾರಿದೆ. ನೀವೆಲ್ಲ ನೋಡಿದ್ದೀರಿ. 1997ರ ಕಾರು. ನಮ್ಮ ಮಾವನವರು ಬೇರೆಯವರಿಂದ ಕೊಂಡದ್ದು.

ಈ ಕಾರಿಗೆ ಒಂದು ಕಥೆಯಿದೆ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಮಾರುತಿ 800ರ ಕೀಲಿಕೈಯನ್ನು ಕೊಟ್ಟವರು ಆಗಿನ ಪ್ರಧಾನಿ ಇಂದಿರಾ ಗಾಂಧಿ. ಅಲ್ಲಿಂದ 2014ರವರೆಗೆ ಈ ಕಾರು ತಯಾರಾಯಿತು. ಈಗ ಹೊಸದು ಬರುವುದಿಲ್ಲ. ಆದರೂ ಹಳ್ಳಿಗಳಲ್ಲಿ ಹಳೆಯವು ಇನ್ನೂ ಓಡುತ್ತಿವೆ. ಸಣ್ಣ ಎಂಜಿನ್ನು. ರಿಪೇರಿ ಸುಲಭ.

ನಮ್ಮ ಮೈದುನನಿಗೆ ಈ ಕಾರಿನ ಮೇಲೆ ಬಹಳ ಆಸೆ. ಅವನು ಅದಕ್ಕೆ ಸಿಂಗಾರ ಮಾಡಿಸಿದ. ದೊಡ್ಡ ಬಲ್ಬು ಹಾಕಿಸಿದ. ಮುಂದೆ ಇನ್ನೆರಡು ಮಂಜಿನ ದೀಪ ಕೂರಿಸಿದ. ಜೋಡಿ ಹಾರ್ನು, ಹಾಡಿನ ಪೆಟ್ಟಿಗೆ ಎಲ್ಲಾ ಬಂತು. ಮದುಮಗನ ಹಾಗೆ ಕಾಣುತ್ತಿತ್ತು ಕಾರು. ಆದರೆ ಒಳಗಿನ ವೈರು ಮಾತ್ರ ಹಳೆಯದೇ ಉಳಿಯಿತು. ಇದನ್ನು ಯಾರೂ ಯೋಚಿಸಲಿಲ್ಲ.

ಆ ರಾತ್ರಿ

2021ರ ಆಷಾಢ ಮಾಸ. ಜೋರು ಮಳೆ. ನಮ್ಮ ಓರಗಿತ್ತಿಗೆ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಶುರುವಾಯಿತು. 108ಕ್ಕೆ ಫೋನು ಮಾಡೋಣ ಅಂದರೆ ಮಳೆಗೆ ನೆಟ್‌ವರ್ಕ್ ಇಲ್ಲ. ಆಸ್ಪತ್ರೆಗೆ 22 ಕಿಲೋಮೀಟರ್ ದಾರಿ. ಕಾರಿನಲ್ಲೇ ಹೊರಟೆವು. ಮೈದುನ ಓಡಿಸುತ್ತಿದ್ದ. ಹಿಂದೆ ಓರಗಿತ್ತಿ, ನಮ್ಮ ಅತ್ತೆ ಮತ್ತು ನಾವು.

ಅರ್ಧ ದಾರಿಯಲ್ಲಿ ರಬ್ಬರು ಸುಟ್ಟ ವಾಸನೆ ಬಂತು. ಸ್ಟಿಯರಿಂಗಿನ ಕೆಳಗಿಂದ ಹೊಗೆ ಎದ್ದಿತು. ಒಮ್ಮೆಲೇ ಎಲ್ಲಾ ದೀಪ ಆರಿಹೋಯಿತು. ಕಾಡಿನ ನಡುವೆ ಕಗ್ಗತ್ತಲು.

ಮೈದುನ ಕಾರು ನಿಲ್ಲಿಸಿ ಕೀಲಿ ತಿರುಗಿಸಿದ. ನಾವು ಓರಗಿತ್ತಿಯನ್ನು ಹಿಡಿದು ಇಳಿಸಿದೆವು. ಅವನು ಓಡಿಹೋಗಿ ಬ್ಯಾಟರಿಯ ವೈರು ಬಿಚ್ಚಿದ. ಹೊಗೆ ನಿಂತಿತು. ಬೆಂಕಿ ಹತ್ತಲಿಲ್ಲ. ಅದು ನಮ್ಮ ಪುಣ್ಯ.

ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ ಮೂವರು ಹೆಂಗಸರು ನಿಂತಿದ್ದೆವು. ಓರಗಿತ್ತಿ ನಮ್ಮ ಕೈ ಹಿಡಿದು ಅಳುತ್ತಿದ್ದಳು. ಮುಕ್ಕಾಲು ಗಂಟೆಯ ಮೇಲೆ ಹಾಲಿನ ವ್ಯಾನು ಬಂತು. ಅದರಲ್ಲಿ ಆಸ್ಪತ್ರೆ ಮುಟ್ಟಿದೆವು. ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಚೆನ್ನಾಗಿದ್ದಾರೆ. ಆದರೆ ಆ ಮುಕ್ಕಾಲು ಗಂಟೆಯನ್ನು ನಾವು ಮರೆಯುವ ಹಾಗಿಲ್ಲ.

ಅತ್ತೆ ಓದಿದ ನಂಬರು

ಕಾರನ್ನು ಎಳೆಸಿಕೊಂಡು ಮನೆಗೆ ತಂದರು. ಮೈದುನ ಫ್ಯೂಸಿನ ಪೆಟ್ಟಿಗೆ ತೆಗೆದು ನೋಡುತ್ತಿದ್ದ. ನಮ್ಮ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಆಗ ಅವರು ನಮ್ಮ ಕೇಂದ್ರದಲ್ಲೇ ಕಲಿಯುತ್ತಿದ್ದರು. ನೂರರವರೆಗೆ ಅಂಕಿ ಬರುತ್ತಿತ್ತು.

ಅತ್ತೆ ಕೇಳಿದರು: "ಇದರ ಮೇಲೆ ಒಂದು, ಐದು ಅಂತ ಇದೆ. ಹದಿನೈದು. ಇದಕ್ಕೆ ತಂತಿ ಯಾಕೋ ಸುತ್ತಿದೀಯ ಮಗಾ?"

"ಪದೇ ಪದೇ ಸುಟ್ಟು ಹೋಗ್ತಿತ್ತು ಅಮ್ಮಾ. ದೀಪ ಹಾಕಿದ ಹುಡುಗ ತಂತಿ ಸುತ್ತಿಕೊಟ್ಟ. ಆಮೇಲೆ ಸುಡಲೇ ಇಲ್ಲ."

"ಫ್ಯೂಸು ಸುಡಲಿಲ್ಲ. ಕಾರು ಸುಟ್ಟಿತು" ಅಂದರು ಅತ್ತೆ.

ಮಾರನೇ ದಿನ ಬಂದ ವೈರಿಂಗ್ ಮೇಸ್ತ್ರಿಯೂ ಇದೇ ಮಾತು ಹೇಳಿದರು. ಫ್ಯೂಸು ಇರೋದೇ ಸುಡೋದಕ್ಕೆ. ಹೆಚ್ಚು ಕರೆಂಟು ಹರಿದಾಗ ತಾನು ಸುಟ್ಟು ವೈರನ್ನು ಉಳಿಸುತ್ತದೆ. ತಂತಿ ಸುತ್ತಿದರೆ ಕಾವಲುಗಾರನ ಕೈಕಾಲು ಕಟ್ಟಿದ ಹಾಗೆ.

ಸಣ್ಣ ಲೆಕ್ಕ

ಬನ್ನಿ, ಒಂದು ಲೆಕ್ಕ ಮಾಡೋಣ. ಕಾರಿನ ಬ್ಯಾಟರಿ 12 ವೋಲ್ಟ್. ಬಲ್ಬಿನ ವ್ಯಾಟನ್ನು 12ರಿಂದ ಭಾಗಿಸಿದರೆ ಎಷ್ಟು ಆಂಪ್ ಕರೆಂಟು ಬೇಕು ಅಂತ ಗೊತ್ತಾಗುತ್ತದೆ.

ಮೊದಲಿದ್ದ ಬಲ್ಬು 60 ವ್ಯಾಟ್. 60 ಭಾಗಿಸು 12, ಅಂದರೆ 5. ಎರಡು ಬಲ್ಬಿಗೆ 10 ಆಂಪ್. 15ರ ಫ್ಯೂಸು ಸಾಕು.

ಮೈದುನ ಹಾಕಿಸಿದ್ದು 100 ವ್ಯಾಟ್. ಎರಡು ಬಲ್ಬಿಗೆ 16 ಆಂಪ್ ದಾಟುತ್ತದೆ. ಮಂಜಿನ ದೀಪ ಎರಡು, ತಲಾ 55 ವ್ಯಾಟ್. ಅದಕ್ಕೆ ಇನ್ನೊಂದು 9 ಆಂಪ್. ಎಲ್ಲವನ್ನೂ ಒಂದೇ ಫ್ಯೂಸಿಗೆ, ಒಂದೇ ವೈರಿಗೆ ಸೇರಿಸಿದ್ದರು. ಒಟ್ಟು 25 ಆಂಪಿಗೂ ಹೆಚ್ಚು! ಸಣ್ಣ ವೈರಿನಲ್ಲಿ ಇಷ್ಟು ಕರೆಂಟು ಹರಿದರೆ ಅದು ಕಾಯುತ್ತದೆ. ಕರೆಂಟು ಎರಡರಷ್ಟಾದರೆ ಕಾವು ನಾಲ್ಕರಷ್ಟಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಕರಗಿ ವೈರಿಗೆ ವೈರು ತಾಗುತ್ತದೆ. ಆಮೇಲೆ ಬೆಂಕಿ.

ಮೇಸ್ತ್ರಿ ಮಾಡಿದ ಕೆಲಸ

ಮೇಸ್ತ್ರಿ ಕರಗಿದ ವೈರನ್ನೆಲ್ಲ ಕಿತ್ತು ಹಾಕಿದರು. ದೀಪಕ್ಕೆ ದಪ್ಪ ವೈರು ಎಳೆದರು. ದೊಡ್ಡ ಬಲ್ಬು ತೆಗೆದು ಮತ್ತೆ 60 ವ್ಯಾಟಿನದೇ ಹಾಕಿದರು. ದೊಡ್ಡ ಬಲ್ಬು ಎದುರು ಬರುವವರ ಕಣ್ಣನ್ನೂ ಕುಕ್ಕುತ್ತದೆ.

ಆಮೇಲೆ ರಿಲೇ ಅಂತ ಒಂದು ಸಣ್ಣ ಡಬ್ಬಿ ಕೂರಿಸಿದರು. ರಿಲೇ ಅಂದರೆ ಕೆರೆಯ ತೂಬಿನ ಹಾಗೆ. ತೂಬು ಎತ್ತಲು ಒಬ್ಬನ ಕೈ ಸಾಕು. ಹರಿಯುವುದು ಮಾತ್ರ ಕೆರೆಯ ನೀರು. ಹಾಗೇ ಸ್ವಿಚ್ಚಿನಲ್ಲಿ ಸ್ವಲ್ಪವೇ ಕರೆಂಟು ಹರಿಯುತ್ತದೆ. ದೀಪಕ್ಕೆ ಬೇಕಾದ ಕರೆಂಟು ಬ್ಯಾಟರಿಯಿಂದ ನೇರ ಬರುತ್ತದೆ. ಅದಕ್ಕೆ ಬೇರೆ ಫ್ಯೂಸು. ಸ್ವಿಚ್ಚು ಕಾಯುವುದಿಲ್ಲ.

ಇನ್ನೊಂದು ಅರ್ಥ್. ಕಾರಿನಲ್ಲಿ ಕರೆಂಟು ವೈರಿನಲ್ಲಿ ಹೋಗಿ, ಕಾರಿನ ಕಬ್ಬಿಣದ ಮೈಯ ಮೂಲಕ ಬ್ಯಾಟರಿಗೆ ವಾಪಸ್ ಬರುತ್ತದೆ. ವೈರು ಮೈಗೆ ಸೇರುವ ಕಡೆ ತುಕ್ಕು ಹಿಡಿದರೆ ದಾರಿ ಕಟ್ಟುತ್ತದೆ. ದೀಪ ಮಂಕಾಗುತ್ತದೆ. ಮೇಸ್ತ್ರಿ ಅಲ್ಲೆಲ್ಲ ಉಜ್ಜಿ, ಬೋಲ್ಟು ಬಿಗಿ ಮಾಡಿದರು. ಏನಾಯಿತು ಗೊತ್ತಾ? ಹಳೇ ಅಳತೆಯ ಬಲ್ಬೇ ಮೊದಲಿಗಿಂತ ಚೆನ್ನಾಗಿ ಬೆಳಗಿತು. ಕೊರತೆ ಬಲ್ಬಿನದಾಗಿರಲಿಲ್ಲ. ವೈರಿನದಾಗಿತ್ತು.

ಕೊನೆಗೆ ಅತ್ತೆ ಒಂದು ಕೆಲಸ ಮಾಡಿದರು. ಮೇಸ್ತ್ರಿಯನ್ನು ಕೇಳಿ ಕೇಳಿ ಚೀಟಿ ಬರೆದರು. "ದೀಪ 15", "ಹಾರ್ನು 15", "ಹಾಡು 10". ಆ ಚೀಟಿಯನ್ನು ಫ್ಯೂಸಿನ ಮುಚ್ಚಳಕ್ಕೆ ಅಂಟಿಸಿದರು. ಅಕ್ಷರ ಸೊಟ್ಟಗಿದೆ. ಆದರೆ ಇವತ್ತಿಗೂ ಮೇಸ್ತ್ರಿ ಆ ಚೀಟಿ ನೋಡಿಯೇ ಫ್ಯೂಸು ಹಾಕುತ್ತಾರೆ.

ಕಂಪ್ಯೂಟರ್ ಎಂಜಿನ್ನು

ನಮ್ಮ ಕಾರಿನದು ಕಾರ್ಬ್ಯುರೇಟರ್ ಎಂಜಿನ್ನು. ಚಳಿಗಾಲದ ಬೆಳಿಗ್ಗೆ ಬೇಗ ಚಾಲೂ ಆಗುತ್ತಿರಲಿಲ್ಲ. ಇದೇ ಕಾರಿನ ಮುಂದಿನ ಮಾದರಿಗಳಲ್ಲಿ ಕಂಪ್ಯೂಟರ್ ಇರುವ ಎಂಜಿನ್ನು ಬಂತು. ಮೈದುನ ಅಂಥದ್ದನ್ನು ತಕ್ಷಣ ಹಾಕಿಸಬೇಕು ಅಂದ. ಮೇಸ್ತ್ರಿ ಒಪ್ಪಲಿಲ್ಲ. "ಮೊದಲು ವೈರು ಸರಿಯಾಗಲಿ ತಮ್ಮಾ. ಕೊಳೆತ ವೈರಿನ ಮೇಲೆ ಕಂಪ್ಯೂಟರ್ ಕೂರಿಸಿದ್ರೆ ದುಡ್ಡು ನೀರಲ್ಲಿ ಹಾಕಿದ ಹಾಗೆ" ಅಂದರು. ಒಂದು ವರ್ಷ ಕಾದು 2022ರಲ್ಲಿ ಹಾಕಿಸಿದೆವು.

ಈ ಕಂಪ್ಯೂಟರ್ ಏನು ಮಾಡುತ್ತದೆ? ನಾವು ಅನ್ನ ಮಾಡುವಾಗ ಏನು ಮಾಡ್ತೀವಿ? ಉರಿ ನೋಡ್ತೀವಿ. ಅಗುಳು ಹಿಸುಕಿ ನೋಡ್ತೀವಿ. ಅದಕ್ಕೆ ತಕ್ಕ ಹಾಗೆ ನೀರು, ಉರಿ ಹೆಚ್ಚು ಕಡಿಮೆ ಮಾಡ್ತೀವಿ. ಇದೂ ಹಾಗೇ. ಎಂಜಿನ್ನು ಎಷ್ಟು ಬಿಸಿಯಿದೆ, ಗಾಳಿ ಎಷ್ಟು ಬರುತ್ತಿದೆ ಅಂತ ಸೆನ್ಸರುಗಳು ಸುದ್ದಿ ಕಳಿಸುತ್ತವೆ. ಕಂಪ್ಯೂಟರ್ ಅದನ್ನು ನೋಡಿ ಪೆಟ್ರೋಲು ಎಷ್ಟು ಬಿಡಬೇಕು, ಕಿಡಿ ಯಾವಾಗ ಹೊತ್ತಿಸಬೇಕು ಅಂತ ತೀರ್ಮಾನ ಮಾಡುತ್ತದೆ. ವೈರು ಕೆಟ್ಟಿದ್ದರೆ ಸುದ್ದಿ ತಪ್ಪಾಗುತ್ತದೆ. ಆಗ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ.

ಈ ಎಂಜಿನ್ನಿಗೆ ಪೆಟ್ರೋಲು ಒತ್ತಡದಲ್ಲಿ ಬರಬೇಕು. ಅದಕ್ಕೆ ಕರೆಂಟಿನ ಪಂಪು ಬೇಕು. ಒತ್ತಡ ತಡೆಯುವ ಹೊಸ ಪೈಪೂ ಬೇಕು. ಹಳೇ ಪೈಪು ಉಳಿಸಿದರೆ ಅದು ಬಿರಿದು ಪೆಟ್ರೋಲು ಚಿಮ್ಮಬಹುದು.

ಕಾಗದ ಪತ್ರ ಮರೆಯಬಾರದು

ಎಂಜಿನ್ನು ಬದಲಿಸಲು ಮೊದಲೇ ಆರ್.ಟಿ.ಓ. ಅನುಮತಿ ಪಡೆಯಬೇಕು. ಹೊಸ ಎಂಜಿನ್ನಿನ ನಂಬರನ್ನು ಆರ್.ಸಿ.ಯಲ್ಲಿ ಬರೆಸಬೇಕು. ವಿಮೆ ಕಂಪನಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ಪರಿಹಾರಕ್ಕೆ ತೊಂದರೆ. ಮನಸ್ಸಿಗೆ ಬಂದ ಹಾಗೆ ವಾಹನದ ರೂಪ ಬದಲಿಸಬಾರದು ಅಂತ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅರ್ಜಿಯ ಕಾಗದಗಳಲ್ಲಿ ಒಂದಕ್ಕೆ ನಮ್ಮ ಅತ್ತೆಯ ಸಹಿ ಬೇಕಿತ್ತು. ಮಾವನವರು ತೀರಿಕೊಂಡ ಮೇಲೆ ಕಾರು ಅವರ ಹೆಸರಿಗೆ ಬಂದಿತ್ತು. ಹೆಬ್ಬೆಟ್ಟಿಗೆ ಶಾಯಿ ಮುಂದಿಟ್ಟರು. "ಪೆನ್ನು ಕೊಡಿ" ಅಂದರು ಅತ್ತೆ.

ನೆನಪಿಡಿ

1. ಫ್ಯೂಸು ಸುಟ್ಟರೆ ಅದೇ ನಂಬರಿನ ಫ್ಯೂಸು ಹಾಕಿ. ತಂತಿ ಸುತ್ತಬೇಡಿ. ಮನೆಯ ಫ್ಯೂಸಿಗೂ ಇದೇ ಮಾತು.
2. ಹೊಸ ದೀಪ, ಹಾರ್ನು ಹಾಕಿಸಿದರೆ "ಬೇರೆ ವೈರು, ಬೇರೆ ಫ್ಯೂಸು ಹಾಕಿದ್ರಾ?" ಅಂತ ಕೇಳಿ.
3. ಸುಟ್ಟ ವಾಸನೆ ಬಂದರೆ ಕಾರು ನಿಲ್ಲಿಸಿ, ಕೀಲಿ ತೆಗೆದು, ಎಲ್ಲರೂ ಇಳಿಯಿರಿ. ಮೊದಲು ಜೀವ, ಆಮೇಲೆ ಕಾರು.
4. ಬೆಂಕಿ ಹತ್ತಿದ್ದರೆ ದೂರ ಹೋಗಿ. ಮುಂದಿನ ಬಾನೆಟ್ ಎತ್ತಬೇಡಿ. ಗಾಳಿ ತಾಗಿ ಉರಿ ಹೆಚ್ಚುತ್ತದೆ. ಪೆಟ್ರೋಲು ಬೆಂಕಿಗೆ ನೀರು ಎರಚಬೇಡಿ.
5. ಬ್ಯಾಟರಿ ಬಿಚ್ಚುವಾಗ ಮೈನಸ್ ವೈರು ಮೊದಲು. ಹಾಕುವಾಗ ಅದು ಕೊನೆಗೆ.
6. ಮಳೆಗಾಲದಲ್ಲಿ ಇಲಿ ಎಂಜಿನ್ನಿನೊಳಗೆ ಸೇರಿ ವೈರು ಕಡಿಯುತ್ತದೆ. ಆಗಾಗ ನೋಡಿ.

ಅಕ್ಕಂದಿರೇ, ಆ ಕಾರಿನಲ್ಲಿ ಕೂರುವವರು ನಾವು, ನಮ್ಮ ಮಕ್ಕಳು. ಹಾಗಿದ್ದ ಮೇಲೆ ಕೇಳುವ ಹಕ್ಕು ನಮಗೂ ಇದೆ. ಎರಡು ಅಂಕಿ ಓದಲು ಬಂದದ್ದರಿಂದ ನಮ್ಮ ಅತ್ತೆ ಕೇಳಿದರು. ಆ ರಾತ್ರಿ ಹುಟ್ಟಿದ ಮಗು ಈಗ ಅದೇ ಕಾರಿನಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತು ಸಂತೆಗೆ ಬರುತ್ತಾಳೆ.

ಇವತ್ತು ಮನೆಗೆ ಹೋಗಿ ನಿಮ್ಮ ಮನೆಯ ಫ್ಯೂಸಿನ ಮೇಲೆ ಯಾವ ನಂಬರಿದೆ ನೋಡಿ. ಮುಟ್ಟಬೇಡಿ, ಬರೀ ಓದಿ. ನಾಳೆ ಬಂದು ಹಲಗೆಯ ಮೇಲೆ ಬರೆಯಿರಿ.