ಹನ್ನೆರಡು ವರ್ಷ ಉತ್ತ ಹೊಲ ಯಾರದು?



ಮಳೆ ಹಿಡಿದು ಕೆಲಸ ನಿಂತಾಗ ಅರಳಿಕಟ್ಟೆಯ ಮೇಲೆ ಏನು ಮಾತು ನಡೆಯುತ್ತದೆ? ಮೊದಲು ಬೆಳೆ, ಆಮೇಲೆ ಬೆಲೆ, ಕೊನೆಗೆ ಜಮೀನಿನ ವ್ಯಾಜ್ಯ. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಹನ್ನೆರಡು ವರ್ಷದಿಂದ ಉಳ್ತಾ ಇದ್ದಾನಲ್ಲಪ್ಪ, ಇನ್ನು ಆ ಹೊಲ ಅವನದೇ. ಕಾನೂನೇ ಹಂಗಿದೆ." ಈ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಇವತ್ತು ತೂರಿ ನೋಡೋಣ.

ಮೊದಲು ಕಾಳು. 1963ರ ಕಾಲಮಿತಿ ಕಾಯಿದೆಯಲ್ಲಿ ಹನ್ನೆರಡು ವರ್ಷದ ಮಾತು ಇರುವುದು ನಿಜ. ನಿಮ್ಮ ಜಮೀನನ್ನು ಇನ್ನೊಬ್ಬ ನಿಮಗೆ ಎದುರಾಗಿ ತನ್ನದೆಂದು ಹಿಡಿದುಕೊಂಡರೆ, ಅಂದಿನಿಂದ ಹನ್ನೆರಡು ವರ್ಷದೊಳಗೆ ನೀವು ದಾವೆ ಹಾಕಬೇಕು. ಹಾಕದೆ ಕೂತರೆ ನಿಮ್ಮ ಹಕ್ಕೇ ಅಳಿಯುತ್ತದೆ. ಸರ್ಕಾರದ ಜಮೀನಾದರೆ ಈ ಅವಧಿ 30 ವರ್ಷ.

ಇನ್ನು ಜೊಳ್ಳು. ನಾವು 'ಸ್ವಾಧೀನ' ಎಂದರೆ ಯಾರು ನೇಗಿಲು ಹೂಡುತ್ತಾರೋ ಅವರ ಕೈಯಲ್ಲಿರುವುದು ಎಂದುಕೊಳ್ಳುತ್ತೇವೆ. ನ್ಯಾಯಾಲಯದ ಮಾತು ಬೇರೆ. ಅಲ್ಲಿ ಬೇಕಾದದ್ದು 'ಪ್ರತಿಕೂಲ ಸ್ವಾಧೀನ'. ಅಂದರೆ ಹಿಡಿದವನು ಹೊಡೆದಾಡಿ ಹಿಡಿದಿರಬಾರದು, ಕದ್ದುಮುಚ್ಚಿ ಹಿಡಿದಿರಬಾರದು, ಒಡೆಯನ ಅಪ್ಪಣೆಯಿಂದಲೂ ಹಿಡಿದಿರಬಾರದು. ಎಲ್ಲರಿಗೂ ಕಾಣುವಂತೆ, ಎಡೆಬಿಡದೆ, "ಇದು ನಿನ್ನದಲ್ಲ, ನನ್ನದು" ಎಂಬ ಭಾವದಿಂದ ಹಿಡಿದಿರಬೇಕು. ಬೆಂಗಳೂರು ಕಡೆಯ ಒಂದು ಜಮೀನಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಈ ಭಾವವನ್ನೇ ಒತ್ತಿ ಹೇಳಿತು. ಬಹಳ ಕಾಲ ಅನುಭವಿಸಿದ ಮಾತ್ರಕ್ಕೆ ಸಾಲದು. ಒಡೆಯನನ್ನು ಹೊರಗಿಡುವ ಉದ್ದೇಶ ಇತ್ತೆಂದು ತೋರಬೇಕು. ತೋರಿಸುವ ಹೊರೆಯೂ ಹಿಡಿದವನ ಮೇಲೆಯೇ.

ಒಂದು ಉದಾಹರಣೆ ನೋಡಿ. ಮಕ್ಕಳ ಓದಿಗೆಂದು ನೀವು ಊರು ಬಿಟ್ಟು ಹೊರಟಿರಿ. ಹೋಗುವಾಗ ಚಿಕ್ಕಪ್ಪನ ಮಗನಿಗೆ, "ಬೀಳು ಬಿಡಬೇಡ ಕಣೋ, ನೋಡ್ಕೊಂಡಿರು" ಎಂದಿರಿ. ಅವನು ಇಪ್ಪತ್ತು ವರ್ಷ ರಾಗಿ ಬೆಳೆದ. ಹೊಲ ಅವನದಾಯಿತೇ? ಇಲ್ಲ. ಅವನು ಇದ್ದದ್ದು ನಿಮ್ಮ ಅಪ್ಪಣೆಯಿಂದ. ಅಪ್ಪಣೆಯ ಸ್ವಾಧೀನ ಎಷ್ಟು ವರ್ಷ ಬೆಳೆದರೂ ತಾನಾಗಿ ಪ್ರತಿಕೂಲವಾಗುವುದಿಲ್ಲ. ಆದರೆ ಒಂದು ದಿನ ಅವನು ಎದುರು ನಿಂತು, "ಹೊಲ ನಂದು, ನೀನು ಕಾಲಿಡಬೇಡ" ಎಂದನೆನ್ನಿ. ಆ ದಿನದಿಂದ ಲೆಕ್ಕ ಶುರುವಾಯಿತೆಂದೇ ತಿಳಿದು ಎಚ್ಚರವಾಗಿರಿ.

ಅಕ್ಕತಂಗಿಯರು ಈಗ ಸ್ವಲ್ಪ ಹತ್ತಿರ ಬಂದು ಕೇಳಿ. ತಂದೆ ತೀರಿಕೊಂಡರು, ಅಣ್ಣ ಉಳುತ್ತಿದ್ದಾನೆ, ಪಹಣಿಯ 12ನೇ ಕಲಮಿನಲ್ಲಿ ಸಾಗುವಳಿದಾರನೆಂದು ಅವನ ಹೆಸರೇ ಇದೆ. "ನೀನು ಮದುವೆಯಾಗಿ ಹೋಗಿ ಹದಿನೈದು ವರ್ಷ ಆಯ್ತು, ಇನ್ನೆಲ್ಲಿಯ ಪಾಲು?" ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಕೂಡು ಆಸ್ತಿಯಲ್ಲಿ ಒಬ್ಬ ಪಾಲುದಾರನ ಸ್ವಾಧೀನ ಎಲ್ಲ ಪಾಲುದಾರರ ಪರವಾದ ಸ್ವಾಧೀನ. ಒಬ್ಬನೇ ಉತ್ತು, ಒಬ್ಬನೇ ಫಸಲು ಒಯ್ದ ಮಾತ್ರಕ್ಕೆ ಉಳಿದವರ ಹಕ್ಕು ಹೋಗದು. ನಿಮ್ಮ ಪಾಲೇ ಇಲ್ಲವೆಂದು ನಿಮಗೆ ತಿಳಿಯುವಂತೆ ಬಹಿರಂಗವಾಗಿ ಹೊರದೂಡಿರಬೇಕು. 1957ರ ವರದಿಗಳಲ್ಲಿ ಅಚ್ಚಾದ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಇದು ಸ್ಥಿರವಾಗಿ ನಿಂತ ಮಾತು. ಹಾಗೆ ಹೊರದೂಡಿದ ದಿನ ಬಂದರೆ ಮಾತ್ರ ಸುಮ್ಮನಿರಬೇಡಿ.

ಪಹಣಿಯಲ್ಲಿ ಹೆಸರಿದ್ದರೆ? 1964ರ ಭೂಕಂದಾಯ ಕಾಯಿದೆಯಂತೆ, ಬೇರೆ ರೀತಿ ರುಜುವಾತಾಗುವ ತನಕ ಆ ನಮೂದು ಸರಿಯೆಂದು ಎಣಿಸಬೇಕು. ಅಂದರೆ ಅದು ಸಾಕ್ಷಿ, ಅದೇ ಒಡೆತನವಲ್ಲ. ಆದರೂ ಸಾಕ್ಷಿಯನ್ನು ಹಗುರವೆಂದು ಬಿಡುವಂತಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಒಂದು: ನಂಟನಿಗೇ ಆಗಲಿ, ಹೊಲ ನೋಡಿಕೊಳ್ಳಲು ಬಿಡುವಾಗ ಅಪ್ಪಣೆಯಿಂದ ಬಿಟ್ಟಿದ್ದೇನೆಂದು ಕಾಗದದ ಮೇಲೆ ಬರೆದು ಇಬ್ಬರೂ ರುಜು ಹಾಕಿ. ನಂಟಸ್ತಿಕೆ ಕೆಡುವುದು ಕಾಗದ ಬರೆದದ್ದರಿಂದಲ್ಲ, ಬರೆಯದೆ ಬಿಟ್ಟದ್ದರಿಂದ.

ಎರಡು: ವರ್ಷಕ್ಕೊಮ್ಮೆ ಪಹಣಿ ತೆಗೆಸಿ 9ನೇ ಕಲಮು, 12ನೇ ಕಲಮು ಎರಡನ್ನೂ ಓದಿಸಿ ನೋಡಿ. ಕಂದಾಯದ ರಸೀದಿ ಜೋಪಾನವಾಗಿಡಿ.

ಮೂರು: ಪಕ್ಕದವನು ವರ್ಷಕ್ಕೆ ಒಂದು ಸಾಲಿನಂತೆ ಬದು ಸರಿಸಿಕೊಂಡು ಬರುತ್ತಿದ್ದರೆ, "ಹೋಗಲಿ, ಒಂದು ಸಾಲು ತಾನೆ" ಎನ್ನಬೇಡಿ. ಅಳತೆ ಮಾಡಿಸಿ. ಇಲ್ಲಿ ಅಪ್ಪಣೆಯೂ ಇಲ್ಲ, ಪಾಲುದಾರಿಕೆಯೂ ಇಲ್ಲ. ಹನ್ನೆರಡು ವರ್ಷದ ಮಾತು ನಿಜವಾಗಿ ಕಚ್ಚುವುದು ಇಂಥ ಕಡೆಯಲ್ಲೇ. ಅವಧಿ ತುಂಬಿದ ಮೇಲೆ ಹಿಡಿದವನು ತಾನೇ ವಾದಿಯಾಗಿ ದಾವೆ ಹೂಡಬಹುದೆಂದೂ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ನಾಲ್ಕು: ಪಂಚಾಯಿತಿ ಸೇರಿಸಿದ್ದೇನೆ, ನೋಟೀಸು ಕೊಟ್ಟಿದ್ದೇನೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಬರೀ ನೋಟೀಸಿಗೆ ದಿನದ ಲೆಕ್ಕ ನಿಲ್ಲುವುದಿಲ್ಲ. ರಾಜಿಯಾಗದಿದ್ದರೆ ಅವಧಿಯೊಳಗೆ ದಾವೆಯನ್ನೇ ಹಾಕಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೇ? ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ, 1987ರ ಕಾಯಿದೆಯಂತೆ ಉಚಿತ ನೆರವು ಪಡೆಯುವ ಹಕ್ಕಿದೆ.

ಕಟ್ಟೆಯ ಮೇಲೆ ಇನ್ನೊಮ್ಮೆ "ಹನ್ನೆರಡು ವರ್ಷ ಆಯ್ತಲ್ಲ" ಎಂಬ ಮಾತು ಬಂದಾಗ ನೀವು ಒಂದೇ ಪ್ರಶ್ನೆ ಕೇಳಿ: "ಎಷ್ಟು ವರ್ಷ ಉತ್ತ ಅನ್ನೋದು ಇರಲಿ, ಯಾರ ಅಪ್ಪಣೆಯಿಂದ ಉತ್ತ?" ಅರ್ಧ ಜಗಳ ಅಲ್ಲೇ ತೀರೀತು.