ಹಾಲು ದಕ್ಕದವರಿಗೆ ದಾರಿ ಯಾವುದು?

(ಹೈನುಗಾರಿಕೆಯಲ್ಲಿ ತೊಡಗಿರುವ ರೈತ ಮಹಿಳೆಯರ ಒಂದು ದಿನದ ತರಬೇತಿ ಶಿಬಿರದಲ್ಲಿ ಗೃಹವಿಜ್ಞಾನ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಬೆಳಗಿನಿಂದ ತಾವು ಹಸಿರು ಮೇವು, ಕೆಚ್ಚಲು ಬಾವು, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ಕೇಳಿದ್ದೀರಿ. ಹಾಲಿನ ಇಳುವರಿ ಹೆಚ್ಚಿಸುವ ಬಗೆ ತಿಳಿದಾಯಿತು. ಈಗ ನಾನು ಮಾತನಾಡಬೇಕಾಗಿರುವುದು ಆ ಹಾಲು ಕುಡಿದರೆ ಹೊಟ್ಟೆಗೆ ಒಗ್ಗದವರ ವಿಷಯ. ಹೈನುಗಾರರ ಸಭೆಗೆ ಬಂದು ಹಾಲಿನ ಮೇಲೆಯೇ ದೂರು ಹೇಳುತ್ತಾಳಲ್ಲ ಎಂದು ತಾವು ಭಾವಿಸಬಾರದು. ಹಾಲು ಉತ್ತಮ ಆಹಾರ. ಆದರೆ ಯಾರಿಗೆ, ಎಷ್ಟು, ಯಾವ ರೂಪದಲ್ಲಿ ಎಂಬುದನ್ನು ಅರಿತು ಕೊಟ್ಟಾಗ ಮಾತ್ರ ಅದರ ಗುಣ ಮೈಗೆ ಹತ್ತುತ್ತದೆ.

ಹಿಂದೆ ಇಂಥದೇ ಒಂದು ಶಿಬಿರದಲ್ಲಿ ಭಾಷಣ ಮುಗಿದ ಮೇಲೆ ಒಬ್ಬ ತಾಯಿ ನನ್ನ ಬಳಿ ಬಂದರು. "ಅಮ್ಮಾವ್ರೇ, ನಮ್ಮನೇಲಿ ದಿನಾ ಹತ್ತು ಲೀಟರ್ ಹಾಲು ಡೇರಿಗೆ ಹಾಕ್ತೀವಿ. ನನ್ನ ಮಗನಿಗೆ ಮಾತ್ರ ಒಂದು ಲೋಟ ಹಾಲು ದಕ್ಕಲ್ಲ" ಎಂದರು. ಹುಡುಗನಿಗೆ ಎಂಟು ವರ್ಷ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ಹಾಲು ಕುಡಿಸುತ್ತಿದ್ದರು. ಶಾಲೆಗೆ ಹೋದ ಸ್ವಲ್ಪ ಹೊತ್ತಿಗೆ ಅಲ್ಲಿ ಮತ್ತೊಂದು ಲೋಟ. ಆಮೇಲೆ ಪಾಠದ ನಡುವೆ ಹೊಟ್ಟೆನೋವೆಂದು ಹೊರಗೆ ಓಡುತ್ತಿದ್ದನಂತೆ. ಪಾಠ ತಪ್ಪಿಸಲು ನೆಪ ಹೂಡುತ್ತಾನೆಂದು ಮೇಷ್ಟರು ಬೈದಿದ್ದರು. ಮನೆಯ ಹಾಲನ್ನೇ ಬೇಡವೆನ್ನುವ ಕೊಬ್ಬು ಎಂದು ತಂದೆ ಒಂದು ದಿನ ಹೊಡೆದೂ ಇದ್ದರು. ಅಜ್ಜಿ ದೃಷ್ಟಿ ತೆಗೆದಿದ್ದರು. ಜಂತುಹುಳುವಿನ ಮಾತ್ರೆಯೂ ಆಗಿತ್ತು. ಯಾವುದರಿಂದಲೂ ಗುಣ ಕಾಣಲಿಲ್ಲ.

"ಮೊಸರು, ಮಜ್ಜಿಗೆ ಉಂಡರೆ ಹೇಗಿರುತ್ತಾನೆ?" ಎಂದು ನಾನು ಕೇಳಿದೆ. ಆ ತಾಯಿ ಸ್ವಲ್ಪ ಯೋಚಿಸಿ, "ಮಜ್ಜಿಗೆ ಎಷ್ಟು ಕುಡಿದರೂ ಏನೂ ಆಗಲ್ಲ" ಎಂದರು. ಹುಡುಗ ನೆಪ ಹೇಳುತ್ತಿರಲಿಲ್ಲ ಎಂಬುದು ಆ ಒಂದು ಮಾತಿನಿಂದ ಬಹುಮಟ್ಟಿಗೆ ತಿಳಿಯಿತು. ಏಕೆಂಬುದನ್ನು ಈಗ ನೋಡೋಣ.

ಹಾಲಿನ ಸಕ್ಕರೆ ಮತ್ತು ನಮ್ಮ ಕರುಳು

ಹಾಲಿನಲ್ಲಿ ಕೊಬ್ಬು, ಸಸಾರಜನಕ, ಸುಣ್ಣದ ಅಂಶಗಳಲ್ಲದೆ ಲ್ಯಾಕ್ಟೋಸ್ ಎಂಬ ಒಂದು ಬಗೆಯ ಸಕ್ಕರೆಯೂ ಇರುತ್ತದೆ. ಹಸುವಿನ ಹಾಲಿನಲ್ಲಿ ಇದು ಶೇಕಡ 4.5ರಿಂದ 5ರಷ್ಟು. ಎಂದರೆ 200 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 9ರಿಂದ 10 ಗ್ರಾಂ. ಈ ಸಕ್ಕರೆಯನ್ನು ಕರುಳು ಇದ್ದಂತೆಯೇ ಹೀರಲಾರದು. ಸಣ್ಣ ಕರುಳಿನ ಒಳಪದರದಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಎರಡು ಸಣ್ಣ ಸಕ್ಕರೆಗಳಾಗಿ ಒಡೆಯಬೇಕು. ಆಗ ಮಾತ್ರ ಅದು ರಕ್ತಕ್ಕೆ ಸೇರುತ್ತದೆ.

ಹಸುಗೂಸಿನಲ್ಲಿ ಈ ಕಿಣ್ವ ಯಥೇಚ್ಛವಾಗಿರುತ್ತದೆ, ಏಕೆಂದರೆ ಅದರ ಆಹಾರವೇ ಹಾಲು. ಮೊಲೆ ಬಿಟ್ಟ ಮೇಲೆ ವರ್ಷ ಕಳೆದಂತೆ ಬಹಳ ಜನರಲ್ಲಿ ಇದು ಕಡಮೆಯಾಗುತ್ತ ಹೋಗುತ್ತದೆ. ಕರುವಿನಲ್ಲಿಯೂ ಹೀಗೆಯೇ. ಆಗ ಒಡೆಯದೆ ಉಳಿದ ಹಾಲಿನ ಸಕ್ಕರೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಗಾಳಿ ಉತ್ಪತ್ತಿ ಮಾಡುತ್ತವೆ. ಸಕ್ಕರೆಯು ನೀರನ್ನೂ ಎಳೆದುಕೊಳ್ಳುತ್ತದೆ. ಇದರಿಂದಲೇ ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ನುಲಿತ, ನೀರು ಭೇದಿ. ಹಾಲು ಕುಡಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಇವು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತವೆ.

ಇದು ಅಂಟುರೋಗವಲ್ಲ, ಹಾಲಿನ ದೋಷವೂ ಅಲ್ಲ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರನೇ ಎರಡು ಭಾಗ ಜನರಲ್ಲಿ ಈ ಕಿಣ್ವ ಕಡಮೆ. ಸಾವಿರಾರು ವರ್ಷ ದನ ಸಾಕಿ ಹಾಲು ಕುಡಿದ ಕೆಲವು ಜನಾಂಗಗಳಲ್ಲಿ ಅದು ದೊಡ್ಡವರಾದ ಮೇಲೂ ಉಳಿದುಕೊಂಡು ಬಂದಿದೆ. ನಮ್ಮ ದೇಶದ ಜನರ ವಂಶವಾಹಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಈ ಗುಣ ವಾಯವ್ಯ ಭಾರತದಲ್ಲಿ ಹೆಚ್ಚು. ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಮೆ. ಪಂಜಾಬಿನವನು ಚೊಂಬು ಹಾಲು ಕುಡಿದು ಅರಗಿಸಿಕೊಂಡನೆಂದು ನಮ್ಮ ಊರಿನ ಎಲ್ಲರೂ ಅರಗಿಸಿಕೊಳ್ಳಬೇಕೆಂಬ ನಿಯಮವಿಲ್ಲ.

ಗುರುತಿಸುವುದು ಹೇಗೆ?

ಹೊಟ್ಟೆನೋವಿಗೆಲ್ಲ ಹಾಲೇ ಕಾರಣವೆಂದು ತಿಳಿಯಬಾರದು. ಎರಡು ವಾರ ಹಾಲು, ಹಾಲು ಹಾಕಿದ ಕಾಫಿ-ಟೀ, ಪಾಯಸ, ಖೋವಾದ ಸಿಹಿ ಇವುಗಳನ್ನು ನಿಲ್ಲಿಸಿ ನೋಡಬೇಕು. ತೊಂದರೆ ನಿಂತರೆ, ಅನಂತರ ಒಂದು ದಿನ ಒಂದು ಲೋಟ ಹಾಲು ಕುಡಿದು ನೋಡಬೇಕು. ತೊಂದರೆ ಮರುಕಳಿಸಿದರೆ ಹಾಲಿನ ಸಕ್ಕರೆ ಒಗ್ಗುತ್ತಿಲ್ಲವೆಂದು ಬಹುಮಟ್ಟಿಗೆ ಹೇಳಬಹುದು. ದೊಡ್ಡ ಆಸ್ಪತ್ರೆಗಳಲ್ಲಿ ಉಸಿರಿನಲ್ಲಿರುವ ಜಲಜನಕವನ್ನು ಅಳೆದು ಇದನ್ನು ಖಚಿತಪಡಿಸುತ್ತಾರೆ.

ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಇವುಗಳಲ್ಲಿ ಯಾವುದಿದ್ದರೂ ಮನೆಯಲ್ಲಿ ಪರೀಕ್ಷೆ ಮಾಡುತ್ತ ಕೂರದೆ ವೈದ್ಯರ ಬಳಿಗೆ ಹೋಗಬೇಕು.

ಇನ್ನೊಂದು ಬೇರೆ ತೊಂದರೆ ಇದೆ. ಹಾಲಿನ ಸಸಾರಜನಕವೇ ಕೆಲವು ಮಕ್ಕಳ ಮೈಗೆ ಆಗುವುದಿಲ್ಲ. ಅಂಥವರಲ್ಲಿ ಮೈಮೇಲೆ ದದ್ದು, ಮುಖ ಊತ, ವಾಂತಿ, ಉಸಿರಾಟದ ತೊಂದರೆ ಕಾಣಬಹುದು. ಇದು ಹಾಲಿನ ಅಲರ್ಜಿ. ಇದರಲ್ಲಿ ಒಂದು ಚಮಚ ಹಾಲೂ ಅಪಾಯಕಾರಿ ಆಗಬಹುದು. ಮೊಸರು, ಮಜ್ಜಿಗೆಯೂ ಸಲ್ಲದು. ಇಂಥ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಎಳೆಗೂಸಿನ ವಿಷಯದಲ್ಲಿ ಎಚ್ಚರ

ಇಲ್ಲಿ ತಾಯಂದಿರು ನನ್ನ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ಕೂಸಿಗೆ ಭೇದಿಯಾದಾಗ ಕರುಳಿನ ಒಳಪದರಕ್ಕೆ ಏಟು ಬಿದ್ದು, ಕೆಲವು ದಿನ ಅಥವಾ ವಾರಗಳ ಕಾಲ ಲ್ಯಾಕ್ಟೇಸ್ ಕಡಮೆಯಾಗುವುದುಂಟು. ಇದು ತಾತ್ಕಾಲಿಕ. ಕರುಳು ವಾಸಿಯಾದಂತೆ ಕಿಣ್ವವೂ ಮರಳುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ "ಹಾಲು ಕೆಟ್ಟಿದೆ" ಎಂದು ಮೊಲೆಹಾಲನ್ನೇ ಬಿಡಿಸುತ್ತಾರೆ. ಇದು ಕೂಸಿನ ಪ್ರಾಣಕ್ಕೆ ಎರವಾಗುವ ತಪ್ಪು. ಭೇದಿಯಾದಾಗಲೂ ಮೊಲೆಹಾಲು ನಿಲ್ಲಿಸಕೂಡದು. ಜೊತೆಗೆ ಆರೋಗ್ಯ ಕೇಂದ್ರದಲ್ಲಿ ಸಿಗುವ ಜೀವಜಲದ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕದಡಿ ಕುಡಿಸಬೇಕು.

ಒಂದು ವರ್ಷ ತುಂಬದ ಕೂಸಿಗೆ ಮೊಲೆಹಾಲಿನ ಬದಲು ಸೋಯಾ ಹಾಲು, ಕಡಲೆಕಾಯಿ ಹಾಲು, ತೆಂಗಿನ ಹಾಲು ಕೊಡಬಾರದು. ಮುಂದೆ ನಾನು ಹೇಳುವ ಬದಲಿ ಆಹಾರಗಳು ದೊಡ್ಡ ಮಕ್ಕಳಿಗೂ ವಯಸ್ಕರಿಗೂ ಮಾತ್ರ.

ಹಾಲನ್ನು ಪೂರ್ತಿ ಬಿಡಬೇಕೆ?

ಬಹುಪಾಲು ಜನ ಬಿಡಬೇಕಾಗಿಲ್ಲ. ಲ್ಯಾಕ್ಟೇಸ್ ಕಡಮೆಯಿದ್ದವರಲ್ಲಿಯೂ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂವರೆಗೆ ಹಾಲಿನ ಸಕ್ಕರೆಯನ್ನು ಹೆಚ್ಚು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಕೆಳಗಿನ ಅಂಶಗಳನ್ನು ಅನುಸರಿಸಿರಿ.

1. ಬರಿ ಹೊಟ್ಟೆಯಲ್ಲಿ ಕುಡಿಯಬೇಡಿ. ಊಟ, ತಿಂಡಿಯ ಜೊತೆ ಕುಡಿದರೆ ಹಾಲು ನಿಧಾನವಾಗಿ ಕರುಳಿಗೆ ಇಳಿಯುತ್ತದೆ. ಇರುವಷ್ಟು ಕಿಣ್ವಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ.

2. ಒಮ್ಮೆಗೇ ದೊಡ್ಡ ಲೋಟ ಬೇಡ. ಅರ್ಧ ಲೋಟದಂತೆ ಎರಡು ಹೊತ್ತು ಕುಡಿಯಿರಿ.

3. ಹಾಲಿಗಿಂತ ಮೊಸರನ್ನು ಆರಿಸಿಕೊಳ್ಳಿ. ಹೆಪ್ಪಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯ ಒಂದು ಪಾಲನ್ನು ತಾವೇ ತಿಂದು ಹುಳಿ ಮಾಡಿರುತ್ತವೆ. ಉಳಿದದ್ದನ್ನು ಅರಗಿಸಲೂ ಹೊಟ್ಟೆಯೊಳಗೆ ನೆರವಾಗುತ್ತವೆ. ಮಜ್ಜಿಗೆಗೆ ನೀರು ಬೆರೆತಿರುವುದರಿಂದ ಒಂದು ಲೋಟದಲ್ಲಿ ಸಕ್ಕರೆ ಇನ್ನೂ ಕಡಮೆ. ನಮ್ಮ ಹಿರಿಯರು ಊಟದ ಕೊನೆಗೆ ಮಜ್ಜಿಗೆ ಇಟ್ಟದ್ದು ಸುಮ್ಮನೆ ಅಲ್ಲ.

4. ತುಪ್ಪದಲ್ಲಿ ಹಾಲಿನ ಸಕ್ಕರೆ ಇಲ್ಲವೆನ್ನುವಷ್ಟು ಕಡಮೆ. ಪನ್ನೀರಿನಲ್ಲಿಯೂ ಕಡಮೆ, ಏಕೆಂದರೆ ಹಾಲು ಒಡೆದಾಗ ಸಕ್ಕರೆಯ ಹೆಚ್ಚಿನ ಭಾಗ ತಿಳಿನೀರಿನೊಂದಿಗೆ ಹೋಗುತ್ತದೆ. ಆದರೆ ಖೋವಾ, ಪೇಡ, ಹಾಲಿನ ಪುಡಿಗಳಲ್ಲಿ ನೀರು ಹೋಗಿ ಸಕ್ಕರೆ ಉಳಿದಿರುತ್ತದೆ. ಇವು ಹೆಚ್ಚು ತೊಂದರೆ ಕೊಡುತ್ತವೆ.

ಹಾಲನ್ನು ಎಷ್ಟು ಕುದಿಸಿದರೂ ಈ ಸಕ್ಕರೆ ಹೋಗುವುದಿಲ್ಲ. ನಾಟಿ ಹಸುವಿನ ಹಾಲು, ಮೇಕೆ ಹಾಲು ಕುಡಿದರೆ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ನಾಟಿಯಾಗಲಿ ಮಿಶ್ರತಳಿಯಾಗಲಿ, ಹಸು, ಎಮ್ಮೆ, ಮೇಕೆ ಎಲ್ಲದರ ಹಾಲಿನಲ್ಲಿಯೂ ಲ್ಯಾಕ್ಟೋಸ್ ಹೆಚ್ಚುಕಡಮೆ ಒಂದೇ ಮಟ್ಟದಲ್ಲಿದೆ. ಇದಕ್ಕಾಗಿ ಹೆಚ್ಚು ಬೆಲೆ ತೆರಬೇಕಾಗಿಲ್ಲ. ಲ್ಯಾಕ್ಟೋಸ್ ಒಡೆದ ಹಾಲು ಪಟ್ಟಣಗಳಲ್ಲಿ ಸಿಗುತ್ತದೆ. ಆದರೆ ಮನೆಯಲ್ಲಿ ಕರೆಯುವ ಹಸುವಿರುವಾಗ ಹೆಪ್ಪು ಹಾಕುವುದೇ ಅಗ್ಗದ ದಾರಿ.

ಹಾಲಿನ ಬದಲು ಏನು?

ಹಾಲನ್ನು ಬಿಟ್ಟರೆ ಮುಖ್ಯವಾಗಿ ನಷ್ಟವಾಗುವುದು ಸುಣ್ಣದ ಅಂಶ ಮತ್ತು ಒಳ್ಳೆಯ ಸಸಾರಜನಕ. ಹಸುವಿನ ಹಾಲಿನ 100 ಮಿಲಿಲೀಟರಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣದ ಅಂಶವಿದೆ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಶಿಫಾರಸು ಮಾಡಿದೆ. ಇದನ್ನು ನಮ್ಮ ಹೊಲದ ಬೆಳೆಗಳಿಂದ ಹೇಗೆ ಹೊಂದಿಸಬಹುದು ನೋಡಿರಿ.

ರಾಗಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಧಾನ್ಯಗಳಲ್ಲಿ ಇದರ ಸಮಕ್ಕೆ ಬರುವುದು ಬೇರೆ ಇಲ್ಲ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಎಳ್ಳು: ಸಿಪ್ಪೆ ತೆಗೆಯದ ಎಳ್ಳು 10 ಗ್ರಾಂ ಇದ್ದರೆ ಸುಮಾರು 120 ಮಿಲಿಗ್ರಾಂ. ಹುರಿದು ಕುಟ್ಟಿ ಚಟ್ನಿಪುಡಿಗೆ ಸೇರಿಸಿ.

ಸೊಪ್ಪು: ನುಗ್ಗೆ, ದಂಟು, ಹರಿವೆ ಸೊಪ್ಪುಗಳಲ್ಲಿ 100 ಗ್ರಾಂಗೆ 300 ಮಿಲಿಗ್ರಾಂ ಆಸುಪಾಸು. ಹಿತ್ತಲಲ್ಲಿ ಒಂದು ನುಗ್ಗೆ ಗಿಡ ಇರಲಿ. ದಂಟು, ಹರಿವೆಗಳ ಸುಣ್ಣದ ಅಂಶ ಪೂರ್ತಿ ಮೈಗೆ ಹತ್ತುವುದಿಲ್ಲವಾದ್ದರಿಂದ ಸೊಪ್ಪು ಬದಲಾಯಿಸುತ್ತಿರಿ.

ಒಂದು ದಿನದಲ್ಲಿ 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ, 100 ಗ್ರಾಂ ಸೊಪ್ಪಿನ ಸಾರು, ಎರಡು ಚಿಕ್ಕ ಚಮಚ ಎಳ್ಳು, ಎರಡು ಹೊತ್ತಿಗೆ ಸೇರಿ 200 ಮಿಲಿಲೀಟರು ಮೊಸರು ಎಂದು ಲೆಕ್ಕ ಹಾಕಿದರೆ 1000 ಮಿಲಿಗ್ರಾಂ ತಲಪುತ್ತದೆ. ಇದರ ಮೇಲೆ ಹುರುಳಿ, ಅವರೆ, ಬೇಳೆಗಳಿಂದ ಸಸಾರಜನಕ ಬರುತ್ತದೆ. ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದವರಿಗೆ ಬಿ-12 ಜೀವಸತ್ವದ ಕೊರತೆ ಆಗುತ್ತದೆ. ಅದು ಕಾಳು, ಸೊಪ್ಪುಗಳಲ್ಲಿ ಇಲ್ಲ. ಅಂಥವರು ವೈದ್ಯರ ಸಲಹೆ ಪಡೆಯಬೇಕು.

ಸೋಯಾ ಹಾಲು ತಯಾರಿಸುವ ಕ್ರಮ

ಸೋಯಾ ಅವರೆಯ ಹಾಲು ನಮ್ಮ ನಾಡಿಗೆ ಹೊಸದಲ್ಲ. 1940ರ ದಶಕದಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ವಿ. ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ಇದರ ಪೋಷಕಾಂಶಗಳನ್ನು ಪರೀಕ್ಷಿಸಿದ್ದರು. ಅವರೇ ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾದರು.

100 ಗ್ರಾಂ ಸೋಯಾ ಕಾಳನ್ನು ಆರಿಸಿ ತೊಳೆದು ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ಕೈಯಲ್ಲಿ ಉಜ್ಜಿ ಸಿಪ್ಪೆ ತೆಗೆಯಿರಿ. ಕುದಿಯುವ ನೀರಿಗೆ ಹಾಕಿ ಐದು ನಿಮಿಷ ಬೇಯಿಸಿ ಬಸಿಯಿರಿ. ಇದರಿಂದ ಹಸಿ ವಾಸನೆ ಕಡಮೆಯಾಗುತ್ತದೆ. ಬಿಸಿನೀರು ಹಾಕಿ ನುಣ್ಣಗೆ ರುಬ್ಬಿ, ಒಟ್ಟು ಮುಕ್ಕಾಲು ಲೀಟರ್ ಆಗುವಂತೆ ನೀರು ಸೇರಿಸಿ, ತೆಳು ಬಟ್ಟೆಯಲ್ಲಿ ಶೋಧಿಸಿ. ಈ ಹಾಲನ್ನು ತಳ ಹಿಡಿಯದಂತೆ ಕೈಯಾಡಿಸುತ್ತ 15ರಿಂದ 20 ನಿಮಿಷ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಸಸಾರಜನಕ ಅರಗದಂತೆ ತಡೆಯುವ ಅಂಶವಿದ್ದು, ಅದು ಕುದಿಸಿದಾಗ ಮಾತ್ರ ನಾಶವಾಗುತ್ತದೆ. ಬೆಲ್ಲ, ಏಲಕ್ಕಿ ಸೇರಿಸಿ ಅದೇ ದಿನ ಬಳಸಿರಿ. ಹಿಂಡಿ ಉಳಿದ ಚರಟವನ್ನು ರೊಟ್ಟಿ, ವಡೆ ಹಿಟ್ಟಿಗೆ ಬೆರೆಸಬಹುದು.

ಸೋಯಾ ಹಾಲಿನ ಸಸಾರಜನಕ ಹಸುವಿನ ಹಾಲಿಗೆ ಸಮೀಪ. ಸುಣ್ಣದ ಅಂಶ ಮಾತ್ರ ಬಹಳ ಕಡಮೆ. ಆದ್ದರಿಂದ ರಾಗಿ, ಸೊಪ್ಪು ಜೊತೆಗಿರಲೇಬೇಕು. ಕಡಲೆಕಾಯಿ ಬೀಜದಿಂದಲೂ ಹಾಲು ತೆಗೆಯಬಹುದು; ಆದರೆ ಬೂಷ್ಟು ಹಿಡಿದ, ಮುದುಡಿದ ಬೀಜ ಒಂದೂ ಸೇರಬಾರದು, ಅದರಲ್ಲಿ ವಿಷವಿರುತ್ತದೆ. ತೆಂಗಿನ ಹಾಲು ರುಚಿಗೆ ಸರಿ. ಅದರಲ್ಲಿ ಇರುವುದು ಬಹುತೇಕ ಕೊಬ್ಬು. ಹಾಲಿನ ಸ್ಥಾನ ತುಂಬಲಾರದು.

ಕೊನೆಯ ಮಾತು

ಆ ಹುಡುಗನ ಸಂಗತಿ ಹೇಳಿ ಮುಗಿಸುತ್ತೇನೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆಯ ಮಕ್ಕಳಿಗೆ ಕೊಡುವುದು 150 ಮಿಲಿಲೀಟರು ಹಾಲು. ಅದರಲ್ಲಿರುವ ಹಾಲಿನ ಸಕ್ಕರೆ ಸುಮಾರು 7 ಗ್ರಾಂ. ಇದು ಹೆಚ್ಚಿನ ಮಕ್ಕಳಿಗೆ ಒಗ್ಗುವ ಪ್ರಮಾಣವೇ. ತೊಂದರೆ ಇದ್ದದ್ದು ಮನೆಯಲ್ಲಿ ಬರಿ ಹೊಟ್ಟೆಗೆ ಹಾಕಿದ ದೊಡ್ಡ ಲೋಟದಲ್ಲಿ. ಎರಡೂ ಕೂಡಿದಾಗ ಅವನ ಕರುಳಿಗೆ ಹೊರಲಾರದ ಹೊರೆಯಾಗುತ್ತಿತ್ತು. ಬೆಳಿಗ್ಗೆ ಹಾಲು ನಿಲ್ಲಿಸಿ, ರೊಟ್ಟಿಯ ಜೊತೆ ಮೊಸರು ಕೊಡಲು ಹೇಳಿದೆ. ಶಾಲೆಯ ಹಾಲನ್ನು ಮೊದಲು ಅರ್ಧ ಲೋಟ ಕುಡಿದು ನೋಡಲಿ ಎಂದೆ. ವೈದ್ಯರಿಗೂ ಒಮ್ಮೆ ತೋರಿಸಲು ತಿಳಿಸಿದೆ. ಮುಂದಿನ ಶಿಬಿರಕ್ಕೆ ಆ ತಾಯಿಯ ಜೊತೆ ತಂದೆಯೂ ಬಂದಿದ್ದರು. ಮಗ ಈಗ ತರಗತಿಯಿಂದ ಎದ್ದು ಹೋಗುವುದಿಲ್ಲವಂತೆ. ತಂದೆ ಹೆಚ್ಚು ಮಾತನಾಡಲಿಲ್ಲ. "ಗೊತ್ತಿಲ್ಲದೆ ಹೊಡೆದುಬಿಟ್ಟೆ ಅಮ್ಮಾವ್ರೇ" ಎಂದಷ್ಟೇ ಹೇಳಿದರು.

ಆದ್ದರಿಂದ ಸೋದರಿಯರೇ, ಮಗು ಹಾಲು ಬೇಡವೆಂದರೆ ಗದರುವ ಮೊದಲು ಕಾರಣ ವಿಚಾರಿಸಿ. ಮನೆಯ ಹಾಲೆಲ್ಲ ಡೇರಿಗೆ ಹೋಗದಿರಲಿ. ದಿನಕ್ಕೆ ಒಂದು ಲೀಟರಾದರೂ ಹೆಪ್ಪು ಹಾಕಲು ಉಳಿಸಿಕೊಳ್ಳಿ. ಹಾಲು ದಕ್ಕದವರಿಗೂ ತಮ್ಮ ಹಟ್ಟಿಯ ಹಸುವಿನ ಫಲ ಮೊಸರಾಗಿ, ಮಜ್ಜಿಗೆಯಾಗಿ ಮುಟ್ಟಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.